ಹಳದಿ ಚಿನ್ನದ ಎಂಗೇಜ್‌ಮೆಂಟ್ ರಿಂಗಿನ ಅರ್ಧ ಕ್ಯಾರೆಟ್ ಡೈಮಂಡ್ ಕೊಟ್ಟು ದೊಡ್ಡದು ತಗೋಬೇಕು, ಸೈಜ್ ನೋಡ್ಬೇಕಾ ಕಲರ್ ನೋಡ್ಬೇಕಾ?

ನಿಮ್ಮ ರಿಂಗ್ ಹಳದಿ ಚಿನ್ನದ್ದು ಅಂದ್ರಲ್ಲ, ಹಾಗಿದ್ರೆ ಕಲರ್‌ನಲ್ಲಿ ಸ್ವಲ್ಪ ಕೆಳಗಿಳಿದು ಸೈಜ್ ತಗೊಳ್ಳಿ, ಧೈರ್ಯವಾಗಿ ಹೇಳ್ತೀನಿ. ಕಲರ್ ಗ್ರೇಡ್ ಡಿ ಇಂದ ಝಡ್ ವರೆಗೆ ಇರತ್ತೆ, ಡಿ ಅಂದ್ರೆ ಬಣ್ಣಾನೇ ಇಲ್ಲ, ಕೆಳಗೆ ಹೋದಂಗೆ ಹಳದಿ ಛಾಯೆ ಜಾಸ್ತಿ. ಆದ್ರೆ ಚಿನ್ನದ ಹಳದಿ ಪಕ್ಕ ಐ, ಜೆ ಗ್ರೇಡ್ ಕಲ್ಲೂ ಬೆಳ್ಳಗೇ ಕಾಣತ್ತೆ. ಪ್ಲಾಟಿನಂ ಅಥವಾ ವೈಟ್ ಗೋಲ್ಡ್ ಆಗಿದ್ರೆ ಮಾತ್ರ ಜಿ, ಎಚ್ ಬಿಟ್ಟು ಕೆಳಗೆ ಹೋಗ್ಬೇಡಿ. ಓವಲ್ ಶೇಪ್‌ನಲ್ಲೂ ಬಣ್ಣ ಬೇಗ ಎದ್ದು ಕಾಣತ್ತೆ, ರೌಂಡ್‌ನಲ್ಲಿ ಅಷ್ಟಿಲ್ಲ.

ಇನ್ನು ಸೈಜ್. ಕ್ಯಾರೆಟ್ ಅಂದ್ರೆ ತೂಕ, ಅಗಲ ಅಲ್ಲ. ಅರ್ಧ ಕ್ಯಾರೆಟ್ ರೌಂಡ್ ಸುಮಾರು 5.1 ಎಂಎಂ ಇದ್ರೆ ಒಂದು ಕ್ಯಾರೆಟ್ ಸುಮಾರು 6.5 ಎಂಎಂ ಅಷ್ಟೇ, ತೂಕ ಡಬಲ್ ಆದ್ರೂ ಅಗಲ ಡಬಲ್ ಆಗಲ್ಲ, ಅದಕ್ಕೇ 0.70 ಕ್ಯಾರೆಟ್‌ಗೆ ಹೋದ್ರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ದುಡ್ಡು ಮಾತ್ರ ಹೋಗತ್ತೆ. 0.90, 0.95 ಹುಡುಕಿ, ಪೂರ್ತಿ ಒಂದು ಕ್ಯಾರೆಟ್‌ಗಿಂತ ರೇಟ್ ಕಮ್ಮಿ, ಕಣ್ಣಿಗೆ ಹೆಚ್ಚುಕಮ್ಮಿ ಒಂದೇ.

ಕಟ್‌ನಲ್ಲಿ, ಅಂದ್ರೆ ಕಲ್ಲನ್ನ ಎಷ್ಟು ಚೆನ್ನಾಗಿ ಕತ್ತರಿಸಿದಾರೆ ಅನ್ನೋದ್ರಲ್ಲಿ ಮಾತ್ರ ಖಂಡಿತ ಕಾಂಪ್ರಮೈಸ್ ಬೇಡ, ಹೊಳಪು ಬರೋದೇ ಅದ್ರಿಂದ.

ಕಮರ್ಷಿಯಲ್ ಸ್ಟ್ರೀಟೋ ಜಯನಗರವೋ ಎಲ್ಲೇ ಹೋದ್ರೂ ಅಂಗಡಿ ಸ್ಪಾಟ್‌ಲೈಟ್ ಕೆಳಗೆ ಎಲ್ಲಾ ಕಲ್ಲೂ ಮಿಂಚತ್ತೆ, ಬಾಗಿಲ ಹತ್ರ ಹಗಲು ಬೆಳಕಲ್ಲಿ ನಿಮ್ಮ ಬೆರಳ ಮೇಲಿಟ್ಟು ನೋಡಿ. ಹಳೇ ಕಲ್ಲಿನ ಸರ್ಟಿಫಿಕೇಟ್, ಬಿಲ್ ಎರಡೂ ತಗೊಂಡೋಗಿ, ಎಕ್ಸ್‌ಚೇಂಜ್‌ಗೆ ಎಷ್ಟು ಹಿಡೀತಾರೆ ಅಂತ ಮೊದ್ಲೇ ಬರೆಸ್ಕೊಳ್ಳಿ.