ಚಳಿಗೆ ಬಿಟ್ರೆ ಮಕ್ಕಳ ಇಮ್ಯುನಿಟಿ ಬೆಳೆಯುತ್ತಾ? ಫಿನ್‌ಲ್ಯಾಂಡಲ್ಲಿರೋ ಒಬ್ಬ ಅಮ್ಮನ ಉತ್ತರ

ನೀವು ಕೇಳಿರೋದು, ಮೂರು ವರ್ಷದ ಮಗನನ್ನ ಡಿಸೆಂಬರ್ ಬೆಳಗ್ಗೆ ಸ್ವೆಟರ್ ಇಲ್ದೆ ಟೆರೇಸಲ್ಲಿ ಬಿಟ್ಟು ಆಮೇಲೆ ತಣ್ಣೀರು ಸ್ನಾನ ಮಾಡ್ಸಿದ್ರೆ ಇಮ್ಯುನಿಟಿ ಬರುತ್ತಾ, ಫಿನ್‌ಲ್ಯಾಂಡಲ್ಲಿ ಕೂಸುಗಳನ್ನ ಹಿಮದಲ್ಲೇ ಮಲಗಿಸ್ತಾರಲ್ಲ ಅಂತ. ದಯವಿಟ್ಟು ಮಾಡ್ಬೇಡಿ. ನಾನಿರೋದು ಹೆಲ್ಸಿಂಕಿ ಹತ್ರ, ನನ್ನ ಮಗಳು ಚಳಿಗಾಲದಲ್ಲಿ ಪ್ರಾಮ್ (ಕೂಸಿನ ತಳ್ಳುಗಾಡಿ) ಒಳಗೆ ಹೊರಗಡೆನೇ ನಿದ್ದೆ ಮಾಡಿ ಬೆಳೆದವಳು, ಆ ವಿಡಿಯೋಗಳಲ್ಲಿ ಹಿಮ ಚೆನ್ನಾಗಿ ಕಾಣುತ್ತೆ ಆದ್ರೆ ಮಗುವಿನ ಮೈಮೇಲೆ ಏನೇನಿದೆ ಅನ್ನೋದು ಕಾಣಲ್ಲ.

ಮೈಗೆ ಅಂಟಿದ ಹಾಗೆ ಒಂದು ತೆಳು ಉಣ್ಣೆ ಬಟ್ಟೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ತಲೆಯಿಂದ ಪಾದದವರೆಗೂ ಒಂದೇ ಪೀಸಿನ ದಪ್ಪ ಸೂಟು, ಟೋಪಿ, ಕೈಗವುಸು, ಇಷ್ಟು ಹಾಕಿ ಸ್ಲೀಪಿಂಗ್ ಬ್ಯಾಗಲ್ಲಿಟ್ಟು ಮಲಗಿಸ್ತಾರೆ. ಇಲ್ಲಿ 1938ರಿಂದ ತಾಯಂದಿರಿಗೆ ಸರ್ಕಾರ ಒಂದು ಪೆಟ್ಟಿಗೆ ಕೊಡ್ತಾ ಬಂದಿದೆ, ಈಗ ಅದರಲ್ಲೇ ಚಳಿ ಸೂಟು, ಸ್ಲೀಪಿಂಗ್ ಬ್ಯಾಗ್ ಎರಡೂ ಬರುತ್ತೆ. ಮಧ್ಯೆ ಮಧ್ಯೆ ಹೋಗಿ ಕತ್ತಿನ ಹಿಂದೆ ಬೆರಳಿಟ್ಟು ನೋಡ್ತೀವಿ, ಬೆಚ್ಚಗಿರ್ಬೇಕು, ಬೆವರಿದ್ರೂ ತಪ್ಪೇ. ಮೈನಸ್ 10ಕ್ಕಿಂತ ಕೆಳಗಿಳಿದ್ರೆ ಕೂಸಿನ ನಿದ್ದೆ ಮನೆ ಒಳಗೇ. ಅಂದ್ರೆ ಹೊರಗಡೆ ಎಷ್ಟೇ ಚಳಿ ಇರ್ಲಿ, ಮಗುಗೆ ಚಳಿ ಆಗೋಕೆ ಯಾರೂ ಬಿಡಲ್ಲ.

ಈ ಅಭ್ಯಾಸ ಶುರುವಾಗಿದ್ದೂ ಚಳಿ ಒಳ್ಳೇದು ಅಂತಲ್ಲ. ಆರ್ವೋ ಯುಲ್ಪೊ ಅಂತ ಇಲ್ಲಿನ ದೊಡ್ಡ ಮಕ್ಕಳ ಡಾಕ್ಟರ್ ಇದ್ರು, ಸುಮಾರು ನೂರು ವರ್ಷದ ಹಿಂದೆ ಕೂಸುಗಳನ್ನ ಹೊರಗೆ ಕರ್ಕೊಂಡು ಬನ್ನಿ ಅಂತ ಹೇಳ್ತಿದ್ರು, ಆಗ ಬಿಸಿಲು ಸಾಲದೆ ಮೂಳೆ ಮೆತ್ತಗಾಗೋ ರಿಕೆಟ್ಸ್ ಕಾಟ, ಇಕ್ಕಟ್ಟು ಮನೆ, ಒಳಗೆ ಕೆಟ್ಟ ಗಾಳಿ. ಬೇಕಾಗಿದ್ದು ಗಾಳಿ ಬೆಳಕು.

ಇನ್ನು ಚಳಿ ವಿಷಯ. ನೆಗಡಿ ಬರೋದು ವೈರಸ್ಸಿಂದ, ಅದರಲ್ಲೂ ಜಾಸ್ತಿ ರೈನೋವೈರಸ್ಸಿಂದ. ನಮ್ಮ ಮೈ 37 ಡಿಗ್ರಿ ಇದ್ರೆ ಮೂಗಿನ ಒಳಗೆ 33ರ ಆಸುಪಾಸು ಇರುತ್ತೆ, 2015ರಲ್ಲಿ ಯೇಲ್ ಯೂನಿವರ್ಸಿಟಿಯವರು ಇಲಿಯ ಉಸಿರುನಾಳದ ಜೀವಕೋಶಗಳಲ್ಲಿ ನೋಡಿದಾಗ ಈ ತಂಪಲ್ಲಿ ಜೀವಕೋಶಗಳ ರಕ್ಷಣೆ ಮಂದವಾಗಿ ವೈರಸ್ ಚೆನ್ನಾಗಿ ಬೆಳೀತು. ಬ್ರಿಟನ್ನಿನ ಕಾರ್ಡಿಫಲ್ಲಿ 2005ರಲ್ಲಿ 90 ಜನರ ಕಾಲನ್ನ 20 ನಿಮಿಷ ತಣ್ಣೀರಲ್ಲಿ ಇಡ್ಸಿದ್ರು, ನಾಲ್ಕೈದು ದಿನದಲ್ಲಿ 13 ಜನ ನೆಗಡಿ ಅಂದ್ರು, ಕಾಲು ನೆನೆಸದ 90 ಜನರಲ್ಲಿ ಐದೇ ಜನ. ವೈರಸ್ ಟೆಸ್ಟ್ ಮಾಡಿರ್ಲಿಲ್ಲ, ಹಾಗಾಗಿ ಇದೇ ಕೊನೆ ಮಾತಲ್ಲ, ಆದ್ರೂ ಚಳಿ ಮೈಯನ್ನ ಗಟ್ಟಿ ಮಾಡುತ್ತೆ ಅನ್ನೋರ ಕಡೆಗಂತೂ ಇದು ವಾಲಲ್ಲ. ನಿಮ್ಮ ಮನೆಯವರು ಹೇಳಿದ ತಣ್ಣೀರು ಶವರ್ ಸ್ಟಡಿ ಬಹುಶಃ ನೆದರ್ಲೆಂಡ್ಸಿನ 2016ರದ್ದು, ಅದರಲ್ಲಿ ಕೆಲಸಕ್ಕೆ ಸಿಕ್ ಲೀವ್ ಹಾಕೋದು 29% ಕಮ್ಮಿ ಆಯ್ತು ನಿಜ, ಆದ್ರೆ ಕಾಯಿಲೆ ಇದ್ದ ದಿನಗಳು ಕಮ್ಮಿ ಆಗ್ಲಿಲ್ಲ, ಮತ್ತೆ ಅವರೆಲ್ಲ 18 ದಾಟಿದೋರು. ಅದನ್ನ ಮಗು ಮೇಲೆ ಹೇಗೆ ಹಾಕ್ತೀರ? ಚಿಕ್ಕ ಮಕ್ಕಳ ತೂಕಕ್ಕೆ ಹೋಲಿಸಿದ್ರೆ ಚರ್ಮದ ಅಳತೆ ದೊಡ್ಡದು, ಶಾಖ ಬೇಗ ಕಳ್ಕೊಳ್ತಾರೆ.

ಇಲ್ಲಿನ ಮಕ್ಕಳಿಗೆ ನೆಗಡಿ ಆಗಲ್ಲ ಅಂತಾನೂ ಅಂದ್ಕೋಬೇಡಿ. ಡೇಕೇರ್ ಸೇರಿದ ಮೊದಲ ವರ್ಷ ಇಲ್ಲೂ ಗೊಣ್ಣೆ ನಿಲ್ಲಲ್ಲ, ಕಿವಿನೋವು ಬೇರೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಮಾಮೂಲು, ಅದು ಇಮ್ಯುನಿಟಿ ಕಮ್ಮಿ ಅನ್ನೋದಕ್ಕೆ ಗುರುತಲ್ಲ.

ಹೊರಗೆ ಆಡೋದು ಮಾತ್ರ ನಿಜವಾಗ್ಲೂ ಒಳ್ಳೇದು, ಇದನ್ನ ಒತ್ತಿ ಹೇಳ್ತೀನಿ. ಇಲ್ಲಿ ಡೇಕೇರ್ ಅಂಗಳಗಳಿಗೆ ಕಾಡಿನ ನೆಲ, ಹುಲ್ಲು ತಂದು ಹಾಸಿ 28 ದಿನ ಮಕ್ಕಳನ್ನ ಆಡೋಕೆ ಬಿಟ್ಟಾಗ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಇಮ್ಯುನಿಟಿಗೆ ಸಂಬಂಧಪಟ್ಟ ಅಂಶಗಳೂ ಒಳ್ಳೇ ಕಡೆಗೆ ಬದಲಾದ್ವು ಅಂತ 2020ರಲ್ಲಿ ಪ್ರಕಟ ಆಗಿದೆ. ಅದು ಮಣ್ಣಿನ ಗುಣ, ಚಳಿದಲ್ಲ. ಬೆಂಗಳೂರಲ್ಲಿ ಡಿಸೆಂಬರಲ್ಲೂ ಹತ್ತು ಗಂಟೆಗೆ ಬಿಸಿಲು ಹಿತವಾಗಿರುತ್ತೆ, ಪಾರ್ಕಿಗೆ ಕರ್ಕೊಂಡೋಗಿ ಮಣ್ಣಲ್ಲಿ ಆಡೋಕೆ ಬಿಡಿ.

ಸ್ವೆಟರ್ ಹಾಕ್ಲೇಬೇಕು ಅಂತ ನಿಮ್ಮತ್ತೆ ಹೇಳಿದ್ದು ಸರಿ. ಆದ್ರೆ ಕಿಟಕಿ ಎಲ್ಲಾ ಮುಚ್ಚಿ, ಸ್ನಾನ ಆದ್ಮೇಲೆ ಸಾಂಬ್ರಾಣಿ ಹೊಗೆ, ಸಂಜೆ ಸೊಳ್ಳೆ ಕಾಯಿಲ್ ಅಂತ ಬರ್ದಿದೀರಲ್ಲ, ನನಗೆ ಟೆರೇಸ್ ಚಳಿಗಿಂತ ಆ ಹೊಗೆದೇ ಜಾಸ್ತಿ ಯೋಚನೆ. ಅವರು ಪ್ರೀತಿಯಿಂದ್ಲೇ ಮಾಡೋದು, ಮೆತ್ತಗೆ ಹೇಳಿ, ಕಾಯಿಲ್ ಬದ್ಲು ಸೊಳ್ಳೆ ಪರದೆ ಕಟ್ಟಿ. ಮಗನಿಗೆ ಆಗಾಗ ವೀಸಿಂಗ್ (ಉಸಿರಾಡುವಾಗ ಸುಯ್ ಅನ್ನೋ ಸದ್ದು) ಬರುತ್ತೆ ಅಂತ ಬೇರೆ ಹೇಳಿದೀರ, ಅಂಥ ಮಕ್ಕಳಿಗೆ ಹೊಗೆ, ತಣ್ಣನೆ ಒಣ ಗಾಳಿ ಎರಡೂ ಉಸಿರುನಾಳ ಬಿಗಿ ಮಾಡುತ್ತೆ, ಹಾಗಾಗಿ ಬೆಳಗ್ಗೆ ಆರರ ಚಳಿ ಅವನಿಗೆ ಖಂಡಿತ ಬೇಡ. ಫ್ಲೂ ಲಸಿಕೆ ಬಗ್ಗೆ ನಿಮ್ಮ ಡಾಕ್ಟರನ್ನ ಕೇಳಿ, ಆರು ತಿಂಗಳಿಂದ ಐದು ವರ್ಷದ ತನಕ ವರ್ಷಾ ವರ್ಷ ಹಾಕ್ಸಿ ಅಂತ ಭಾರತದ ಮಕ್ಕಳ ತಜ್ಞರ ಸಂಘಾನೂ ಹೇಳುತ್ತೆ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದ್ರೆ, ನೀರು ಕುಡಿಯೋಕೂ ಆಗ್ದಿದ್ರೆ, ತುಟಿ ನೀಲಿ ಆದ್ರೆ ಮನೆಮದ್ದು ಅಂತ ಕೂರ್ಬೇಡಿ, ರಾತ್ರಿಯಾದ್ರೂ ಆಸ್ಪತ್ರೆಗೆ ಹೊರಡಿ.