ಇನ್‌ಸ್ಪೆಕ್ಷನ್ ರೋಬೋಟ್ ರಿಸರ್ಚ್‌ಗೆ ಹೋಗೋಕೆ ಏನ್ ಕಲೀಬೇಕು, ಪಿಎಚ್‌ಡಿ ಬೇಕೇ ಬೇಕಾ?

ನೀವು ಮೆಕ್ಯಾನಿಕಲ್ ಬಿಇ ಮುಗಿಸಿದೀನಿ, ಆರ್‌ಒಎಸ್ (ರೋಬೋಟ್ ಸಾಫ್ಟ್‌ವೇರ್) ಸ್ವಲ್ಪ ಬರುತ್ತೆ, ಪೈಪು ಟ್ಯಾಂಕು ಚೆಕ್ ಮಾಡೋ ರೋಬೋಟ್‌ಗಳ ಮೇಲೆ ರಿಸರ್ಚ್ ಮಾಡ್ಬೇಕು ಅಂತ ಬರ್ದಿದೀರ. ನಾನು ಈ ಫೀಲ್ಡಲ್ಲಿ ಒಂಬತ್ತು ವರ್ಷದಿಂದ ಇದೀನಿ. ಮೊದಲು ಸೆನ್ಸರ್ ಕಲೀರಿ ಅಂತೀನಿ, ರೋಬೋಟ್ ಆಮೇಲೆ.

ಯಾಕೆ ಅಂತ ಹೇಳ್ತೀನಿ. ನಮ್ಮ ಮೊದಲನೇ ಕ್ರಾಲರ್, ಅಂದ್ರೆ ಗೋಡೆ ಹತ್ತೋ ರೋಬೋಟ್, ಮ್ಯಾಗ್ನೆಟ್ ಚಕ್ರದ್ದು, ಹಳೇ ಆಯಿಲ್ ಟ್ಯಾಂಕಿನ ಗೋಡೆ ಮೇಲೆ ಚೆನ್ನಾಗೇ ಹತ್ತಿತು, ಆದ್ರೆ ಅಲ್ಟ್ರಾಸಾನಿಕ್ ಪ್ರೋಬ್ (ಶಬ್ದ ಕಳಿಸಿ, ಎಕೋ ವಾಪಸ್ ಬರೋ ಟೈಮಿಂದ ದಪ್ಪ ಅಳೆಯೋ ಸೆನ್ಸರ್) ರೀಡಿಂಗ್ ನೋಡಿದ್ರೆ 10 ಮಿಮೀ ಪ್ಲೇಟು 11 ಮಿಮೀ ತೋರಿಸ್ತಿದೆ, ತುಕ್ಕು ಹಿಡಿದು ಸವೆಯೋ ಪ್ಲೇಟು ದಪ್ಪ ಹೇಗಾಗುತ್ತೆ ಅಂತ ಎರಡು ದಿನ ಕೋಡಲ್ಲಿ ತಪ್ಪು ಹುಡುಕಿದ್ವಿ. ಅಲ್ಲಿದ್ದ ಎನ್‌ಡಿಟಿ (ವಸ್ತುನ ಒಡೆಯದೆ ಕೆಡಿಸದೆ ಟೆಸ್ಟ್ ಮಾಡೋದು) ಟೆಕ್ನಿಷಿಯನ್ ಒಬ್ರು ಬಂದು ಸ್ಕ್ರೀನ್ ನೋಡಿ "ಪೇಂಟೂ ಸೇರಿಸಿ ಅಳೀತಿದೀರಲ್ಲ ಸಾರ್" ಅಂದ್ರು. ಸ್ಟೀಲಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5900 ಮೀಟರ್ ಹೋಗುತ್ತೆ, ಪೇಂಟಲ್ಲಿ ಅದರ ಅರ್ಧಕ್ಕಿಂತ ಕಮ್ಮಿ. ಅಳೆಯೋ ಯಂತ್ರ ಎಲ್ಲಾನೂ ಸ್ಟೀಲ್ ಅಂತಲೇ ಲೆಕ್ಕ ಹಾಕುತ್ತೆ, ಹಾಗಾಗಿ 0.4 ಮಿಮೀ ಪೇಂಟು ಅದಕ್ಕೆ ಸುಮಾರು 1 ಮಿಮೀ ಸ್ಟೀಲ್ ಥರ ಕಾಣುತ್ತೆ. ಪ್ಲೇಟಿನ ಹಿಂಬದಿಯಿಂದ ಬರೋ ಮೊದಲನೇ ಎಕೋಗೂ ಎರಡನೇ ಎಕೋಗೂ ನಡುವಿನ ಟೈಮ್ ಅಳೆದ್ರೆ ಪೇಂಟಿನ ಲೆಕ್ಕ ಹೊರಗೆ ಹೋಗುತ್ತೆ. ನಮಗೆ ಇದು ಗೊತ್ತಿರ್ಲಿಲ್ಲ. ಅದೇ ಜಾಗದಲ್ಲಿ 1 ಮಿಮೀ ಸವೆದಿದ್ರೆ ರೀಡಿಂಗ್ ಸರಿಯಾಗಿ 10 ಬಂದಿರೋದು, ಎಲ್ಲಾ ಚೆನ್ನಾಗಿದೆ ಅಂತ ರಿಪೋರ್ಟ್ ಕೊಟ್ಟು ಬಂದಿರ್ತಿದ್ವಿ. ಅದು ನೆನೆಸ್ಕೊಂಡ್ರೆ ಈಗಲೂ ಭಯ ಆಗುತ್ತೆ.

ದೊಡ್ಡ ಉದಾಹರಣೆ ಬೇಕಂದ್ರೆ ನಮ್ಮ ಕೈಗಾದಂಥ 220 ಮೆಗಾವ್ಯಾಟ್ ರಿಯಾಕ್ಟರ್ ನೋಡಿ. ಒಂದೊಂದರಲ್ಲೂ ಅಡ್ಡಡ್ಡ 306 ಕೂಲಂಟ್ ಚಾನೆಲ್ (ಇಂಧನ ಇರೋ, ಅದರ ಬಿಸಿ ಒಯ್ಯೋ ನೀರು ಹರಿಯೋ ಕೊಳವೆ), ಒಳಗೆ ಬಿಸಿ ಪ್ರೆಶರ್ ಟ್ಯೂಬು, ಹೊರಗೆ ತಣ್ಣಗಿರೋ ಇನ್ನೊಂದು ಟ್ಯೂಬು, ಎರಡೂ ತಾಗದ ಹಾಗೆ ನಡುವೆ ಸ್ಪ್ರಿಂಗ್ ರಿಂಗು. ಆ ರಿಂಗ್ ಜರುಗಿದ್ರೆ ಒಳಗಿನ ಟ್ಯೂಬ್ ಜೋತು ಬಿದ್ದು ತಣ್ಣಗಿರೋದಕ್ಕೆ ತಾಗುತ್ತೆ, ತಾಗಿದ ಕಡೆ ಹೈಡ್ರೋಜನ್ ಸೇರ್ಕೊಂಡು ಬಿರುಕು ಬಿಡೋ ಅಪಾಯ. ಮನುಷ್ಯ ಒಳಗೆ ಹೋಗೋ ಮಾತೇ ಇಲ್ಲ, ಅದಕ್ಕೆ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಅವರು ಬಾರ್ಸಿಸ್ ಅನ್ನೋ ಸಿಸ್ಟಮ್ ಮಾಡಿದಾರೆ, ರಿಂಗ್ ಎಲ್ಲಿದೆ ಅಂತ ಎಡ್ಡಿ ಕರೆಂಟ್ (ಕಾಯಿಲ್‌ನಿಂದ ಲೋಹದಲ್ಲಿ ಕರೆಂಟ್ ಹುಟ್ಟಿಸಿ ನೋಡೋ ಸೆನ್ಸರ್) ಹೇಳುತ್ತೆ, ಗೋಡೆ ದಪ್ಪ ಮತ್ತು ಬಿರುಕು ಅಲ್ಟ್ರಾಸಾನಿಕ್ ಹೇಳುತ್ತೆ. ಏನನ್ನ ಹುಡುಕ್ಬೇಕು ಅಂತ ಮೊದಲು ಗೊತ್ತಿತ್ತು ನೋಡಿ, ಮಷೀನಿನ ಆಕಾರ ಅದರಿಂದ ಬಂತು.

ಪಿಎಚ್‌ಡಿ ವಿಷಯ. ಸೆನ್ಸರ್ ಫಿಸಿಕ್ಸ್, ಸಿಗ್ನಲ್ ಕಡೆ ಸ್ವಂತವಾಗಿ ರಿಸರ್ಚ್ ಮಾಡ್ಬೇಕಂದ್ರೆ ಬೇಕು. ಐಐಟಿ ಮದ್ರಾಸಿನ ನಾನ್ ಡಿಸ್ಟ್ರಕ್ಟಿವ್ ಇವ್ಯಾಲ್ಯುಯೇಷನ್ ಸೆಂಟರ್, ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರ ಐಜಿಸಿಎಆರ್ ನೋಡಿ, ಹೊರದೇಶ ಅಂದ್ರೆ ಇಂಪೀರಿಯಲ್, ಬ್ರಿಸ್ಟಲ್, ಸ್ಟ್ರ್ಯಾತ್‌ಕ್ಲೈಡ್, ಈ ಮೂರೂ ಕಡೆ ಇದಕ್ಕೆ ಗಟ್ಟಿ ಗುಂಪುಗಳಿವೆ. ಮಷೀನ್ ಕಟ್ಟೋದೇ ಇಷ್ಟ ಅಂದ್ರೆ ಪಿಎಚ್‌ಡಿ ಇಲ್ದೇನೂ ಆಗುತ್ತೆ, ಮದ್ರಾಸ್ ಐಐಟಿಯಿಂದಲೇ ಹುಟ್ಟಿದ ಪ್ಲಾನಿಸ್ ನೀರೊಳಗಿನ ರೋಬೋಟ್ ಮಾಡುತ್ತೆ, ಅಂಥ ಕಡೆ ಬಿಇ ಆದವರಿಗೂ ಕೆಲಸ ಇರುತ್ತೆ.

ಈ ವರ್ಷ ಏನೇ ಆದ್ರೂ ಅಲ್ಟ್ರಾಸಾನಿಕ್ ಲೆವೆಲ್ 2 (ಅಲ್ಟ್ರಾಸಾನಿಕ್ ಟೆಸ್ಟಿಂಗ್‌ನ ಎರಡನೇ ಹಂತದ ಸರ್ಟಿಫಿಕೇಟ್) ಮಾಡ್ಕೊಳಿ, ದಯವಿಟ್ಟು. ಇದು ಟೆಕ್ನಿಷಿಯನ್ ಕೋರ್ಸು ಅಂತ ಎಂಜಿನಿಯರುಗಳು ಬಿಟ್ಬಿಡ್ತಾರೆ, ನಾನೂ ಬಿಟ್ಟಿದ್ದೆ, ಆ ಟ್ಯಾಂಕ್ ಆದ್ಮೇಲೇನೇ ಹೋಗಿ ಮಾಡಿದ್ದು. ಎನ್‌ಡಿಟಿ ಅವರ ಸಂಘ ಐಎಸ್‌ಎನ್‌ಟಿಯ ಚಾಪ್ಟರ್ ಬೆಂಗಳೂರಲ್ಲೇ ಇದೆ, ಅಲ್ಲಿ ವಿಚಾರಿಸಿ.