ಮೊದಲ ಪುಟಕ್ಕೆ ಗ್ಯಾರಂಟಿ ಉಂಟೇ?

ಪ್ರಶ್ನೆ: ನಾವು ಶಿರಸಿ ಸಮೀಪದಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದು, ಕಳೆದ ವರ್ಷ ವೆಬ್‌ಸೈಟ್ ಮಾಡಿಸಿದ್ದೇವೆ. ಈಗ ಎಸ್‌ಇಒ (ಹುಡುಕಾಟದಲ್ಲಿ ತಾಣ ಮೇಲೆ ಬರುವಂತೆ ಮಾಡುವ ಕೆಲಸ) ಮಾಡುವವರೊಬ್ಬರು ಫೋನ್ ಮಾಡಿ, 200 ಕೀವರ್ಡ್ (ಜನ ಹುಡುಕುವ ಪದ) ಸೇರಿಸಿ, ಸಾವಿರ ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಕೊಂಡಿ) ಕೊಟ್ಟು 30 ದಿನಗಳಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರುವುದಾಗಿ ಗ್ಯಾರಂಟಿ ಕೊಡುತ್ತಿದ್ದಾರೆ. ಜೊತೆಗೆ ಜಾಹೀರಾತನ್ನೂ ಕೊಟ್ಟರೆ ಬೇಗ ಮೇಲೇರುತ್ತದಂತೆ. ಒಪ್ಪಿಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಪ್ರಾಮಾಣಿಕವಾಗಿ ಕೆಲಸ ಮಾಡಿದರೂ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿನಿಂದ ಒಂದು ವರ್ಷ ಬೇಕಾಗುತ್ತದೆಂದೂ ಅದು ಹೇಳುತ್ತದೆ.

ಆ 200 ಕೀವರ್ಡ್‌ಗಳು ಬಹುಶಃ ಪುಟದ ಕೋಡ್‌ನೊಳಗೆ ಓದುಗರ ಕಣ್ಣಿಗೆ ಬೀಳದಂತೆ ಇಡುವ ‘ಮೆಟಾ ಕೀವರ್ಡ್ಸ್’ ಇರಬೇಕು. ಪುಟಗಳ ಕ್ರಮಾಂಕ ನಿರ್ಧರಿಸಲು ತಾನು ಅವನ್ನು ಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಪ್ರಕಟಿಸಿದೆ. ಅಷ್ಟು ಹಳೆಯ ಸರಕು ಇಂದಿಗೂ ಬಿಕರಿಯಾಗುತ್ತಿರುವುದೇ ಸೋಜಿಗ. ಇನ್ನು ಅವೇ ಪದಗಳನ್ನು ಬರಹದೊಳಗೆ ತುರುಕಿ, ‘ಶಿರಸಿ ಹೋಮ್‌ಸ್ಟೇ, ಶಿರಸಿ ಉತ್ತಮ ಹೋಮ್‌ಸ್ಟೇ, ಶಿರಸಿಯ ಅಗ್ಗದ ಹೋಮ್‌ಸ್ಟೇ’ ಎಂದು ಸಾಲುಗಟ್ಟಿ ಬರೆದರೆ, ಓದುವವರಿಗೆ ರೇಜಿಗೆಯಾಗುವುದಲ್ಲದೆ ಅದು ಗೂಗಲ್‌ನ ಸ್ಪ್ಯಾಮ್ ನೀತಿಯ ಉಲ್ಲಂಘನೆಯೂ ಆಗುತ್ತದೆ.

ಬ್ಯಾಕ್‌ಲಿಂಕ್‌ನ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಯನ್ನು ಶಿಫಾರಸಿನಂತೆ ಎಣಿಸುವ ‘ಪೇಜ್‌ರ್‍ಯಾಂಕ್’ ಕ್ರಮವನ್ನು ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ವಿವರಿಸಿದ್ದರು. ಆದರೆ ಶಿಫಾರಸನ್ನೇ ಸಗಟು ದರದಲ್ಲಿ ಮಾರುವ ದಂಧೆ ಬೆಳೆದಾಗ, ಅದನ್ನು ಹತ್ತಿಕ್ಕಲು 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಹುಡುಕಾಟದ ಕ್ರಮದಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ಬಂತು. ಸಂಬಂಧವಿಲ್ಲದ ಸಾವಿರ ತಾಣಗಳಿಂದ ಖರೀದಿಸಿದ ಕೊಂಡಿಗಳು ಲೆಕ್ಕಕ್ಕೇ ಬಾರದೆ ಹೋಗಬಹುದು, ಕೆಲವೊಮ್ಮೆ ನಿಮ್ಮ ತಾಣವನ್ನೇ ಕೆಳಕ್ಕೆ ತಳ್ಳಲೂಬಹುದು. ಜಾಹೀರಾತು ಕೊಟ್ಟರೆ ಜಾಹೀರಾತಿನ ಜಾಗದಲ್ಲಿ ಕಾಣಿಸಿಕೊಳ್ಳುತ್ತೀರಿ, ಅದರ ಕೆಳಗಿನ ಸಾಮಾನ್ಯ ಫಲಿತಾಂಶಗಳಿಗೂ ಅದಕ್ಕೂ ಸಂಬಂಧವಿಲ್ಲ.

ಬದಲಿಗೆ, ನಿಮ್ಮಲ್ಲಿಗೆ ಬರುವವರು ಫೋನಿನಲ್ಲಿ ದಿನವೂ ಕೇಳುವುದನ್ನೇ ಬರೆದಿಡಿ: ಸಹಸ್ರಲಿಂಗ ಎಷ್ಟು ದೂರ, ಯಾಣಕ್ಕೆ ಹೋಗಿ ಬರಲು ಎಷ್ಟು ಹೊತ್ತು ಬೇಕು, ಮಳೆಗಾಲದಲ್ಲಿ ನಿಮ್ಮ ಮನೆಯ ತನಕ ಕಾರು ಬರುತ್ತದೆಯೇ, ಬಸ್ಸಿನಲ್ಲಿ ಬಂದವರು ಎಲ್ಲಿ ಇಳಿಯಬೇಕು. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಹೋಮ್‌ಸ್ಟೇಯನ್ನು ಉಚಿತವಾಗಿ ನೋಂದಾಯಿಸಿ, ಫೋನ್ ನಂಬರು ಸರಿಯಿದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಸಂಘದ ಪತ್ರಿಕೆಯ ಹತ್ತು ವರ್ಷಗಳ ಲೇಖನಗಳು ವೆಬ್‌ಸೈಟಿನಲ್ಲಿವೆ. ಆದರೆ ಶೀರ್ಷಿಕೆಯನ್ನೇ ಟೈಪಿಸಿ ಹುಡುಕಿದರೂ ಹಳೆಯ ಲೇಖನಗಳು ಸಿಗುವುದಿಲ್ಲ. ಗೂಗಲ್‌ಗೆ ಕನ್ನಡವೆಂದರೆ ತಾತ್ಸಾರವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ತಾತ್ಸಾರವೆಂದು ತೀರ್ಮಾನಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಹಳೆಯ ಲೇಖನವೊಂದರ ಒಂದು ಸಾಲನ್ನು ನಕಲಿಸಿ, ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಅಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ, ಲೇಖನ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಜಾಗತಿಕ ಸಂಕೇತ ಕ್ರಮದಲ್ಲಿ) ಇಲ್ಲ ಎಂದರ್ಥ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಪರದೆಯ ಮೇಲೆ ನಿಮಗೆ ಕಾಣುವುದು ‘ಕ’, ಕಡತದೊಳಗೆ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ಅದರ ಪಕ್ಕದಲ್ಲಿ ತಲೆಯ ಮೇಲೆ ಗುರುತಿರುವ ‘ಎ’ (À). ಫಾಂಟ್ ಎಂಬುದು ಕಣ್ಣಿಗೆ ಮಾಡಿದ ಏರ್ಪಾಡು, ಗೂಗಲ್ ಓದುವುದು ಕಡತದೊಳಗಿನದನ್ನು. ನೀವು ಯೂನಿಕೋಡ್‌ನಲ್ಲಿ ಟೈಪಿಸಿದ ಶೀರ್ಷಿಕೆ ಅದಕ್ಕೆ ತಾಳೆಯಾಗುವುದು ಹೇಗೆ?

ಇಂಥ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ‘ಸೂರ್ಯ’, ‘ಧರ್ಮ’ ಮುಂತಾದ ಪದಗಳ ಅರ್ಕಾವತ್ತನ್ನೂ ಒಬ್ಬರು ಕೂತು ತಿದ್ದಲೇಬೇಕು, ತಪ್ಪುಗಳು ಉಳಿಯುವುದು ಹೆಚ್ಚಾಗಿ ಅಲ್ಲೇ. ಲೇಖನ ಯೂನಿಕೋಡ್‌ನಲ್ಲೇ ಇದ್ದರೂ ಸಿಗದಿದ್ದರೆ, ತಾಣದ ಒಡೆಯರಿಗಾಗಿ ಗೂಗಲ್ ಕೊಡುವ ಉಚಿತ ಸಾಧನವಾದ ‘ಸರ್ಚ್ ಕನ್ಸೋಲ್’ನಲ್ಲಿ ಪುಟದ ವಿಳಾಸ ಕೊಟ್ಟು, ಅದು ಗೂಗಲ್‌ನ ಸೂಚಿಯಲ್ಲಿ ಸೇರಿದೆಯೇ ಎಂದು ನೋಡಬಹುದು.

ಪ್ರಶ್ನೆ: ನನ್ನದೇ ಲೇಖನ ಪತ್ರಿಕೆಯ ತಾಣದಲ್ಲೂ ನನ್ನ ತಾಣದಲ್ಲೂ ಇದ್ದರೆ ಗೂಗಲ್ ದಂಡ ವಿಧಿಸುವುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ಎರಡರಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಅಷ್ಟೇ. ಪತ್ರಿಕೆಯದೇ ಮೇಲೆ ಬಂದರೆ ಬೇಸರಿಸಬೇಡಿ, ಅಲ್ಲಿಂದ ನಿಮ್ಮ ತಾಣಕ್ಕೊಂದು ಕೊಂಡಿ ಕೊಡುವಂತೆ ಸಂಪಾದಕರನ್ನು ಕೇಳಿಕೊಳ್ಳಿ.